ಎರಡು ಬಣ್ಣದ ಪ್ಲಾಸ್ಟಿಕ್ ಶೀಟಿನಲ್ಲಿ ಕನ್ನಡ ಫಲಕ ಮತ್ತು ಬ್ಯಾಡ್ಜ್ ಕೆತ್ತುವ ಕ್ರಮ

ಬೆಳಗಾವಿಯ ನನ್ನ ಕೆತ್ತನೆ ಅಂಗಡಿಗೆ ಬಂದೋ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಫೋನು ಮಾಡಿಯೋ, ಹೊಸದಾಗಿ ಲೇಸರ್ ಯಂತ್ರ ಕೊಂಡವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಇಂಗ್ಲಿಷ್ ಅಕ್ಷರ ಸ್ವಚ್ಛವಾಗಿ ಬರುತ್ತದೆ, ಕನ್ನಡ ಅಕ್ಷರ ಮಾತ್ರ ಕರಗಿ ಮುಚ್ಚಿಕೊಂಡಂತೆ ಕಾಣುತ್ತದೆ, ಹಾಗಾದರೆ ಯಾವ ಸೆಟ್ಟಿಂಗ್ ಇಡಬೇಕು ಎಂಬುದು ಆ ಪ್ರಶ್ನೆ. ಸೆಟ್ಟಿಂಗಿನ ಅಂಕಿಯನ್ನು ಫೋನಿನಲ್ಲಿ ಹೇಳಿಬಿಡುವುದು ಸುಲಭ, ಆದರೆ ಅದರಿಂದ ಕೆಲಸ ಸರಿಯಾಗುವುದು ಅಪರೂಪ. ಶೀಟಿನ ಮೇಲ್ಪದರ ಎಷ್ಟು ದಪ್ಪ ಎಂಬುದು ಗೊತ್ತಿಲ್ಲದೆ, ಒತ್ತಕ್ಷರಗಳನ್ನು ಕಂಪ್ಯೂಟರಿನಲ್ಲಿ ಸರಿಪಡಿಸದೆ, ಯಂತ್ರದ ಗುಂಡಿಗಳನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಕೆಲಸದ ಪೂರ್ತಿ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಶೀಟಿನ ಪರಿಚಯ ಮಾಡಿಕೊಳ್ಳೋಣ. ಮಾರುಕಟ್ಟೆಯಲ್ಲಿ «ಡಬಲ್ ಕಲರ್ ಶೀಟ್» ಎಂದು ಕೇಳಿದರೆ ಸಿಗುವುದು ಎರಡು ಬಣ್ಣದ ಪದರಗಳನ್ನು ಒಂದರ ಮೇಲೊಂದು ಬೆಸೆದು ತಯಾರಿಸಿದ ಪ್ಲಾಸ್ಟಿಕ್ ಹಾಳೆ. ಮೇಲೆ ತೆಳುವಾದ ಒಂದು ಬಣ್ಣ, ಕೆಳಗೆ ದಪ್ಪನಾದ ಇನ್ನೊಂದು ಬಣ್ಣ. ಮೇಲಿನದನ್ನು ಮೇಲ್ಪದರವೆಂದೂ ಕೆಳಗಿನದನ್ನು ಒಳಪದರವೆಂದೂ ಈ ಲೇಖನದಲ್ಲಿ ಕರೆಯುತ್ತೇನೆ. ಅಕ್ಷರದ ಆಕಾರದಲ್ಲಿ ಮೇಲ್ಪದರವನ್ನು ತೆಗೆದಾಗ ಒಳಪದರದ ಬಣ್ಣ ಕಾಣಿಸುತ್ತದೆ, ಕೆತ್ತನೆಯೆಂದರೆ ಇಷ್ಟೇ. ಇಲ್ಲಿ ಬಣ್ಣ ಬಳಿಯುವ ಕೆಲಸವಿಲ್ಲ, ಹಾಗಾಗಿ ಅಕ್ಷರ ಉಜ್ಜಿಹೋಗುವ ಭಯವೂ ಇಲ್ಲ. ಉದ್ಯಮಬಾಗಿನ ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್ಲುಗಳ ಮೇಲೆ, ಆಸ್ಪತ್ರೆಯ ಬಾಗಿಲುಗಳ ಮೇಲೆ, ಸಕ್ಕರೆ ಕಾರ್ಖಾನೆಗಳ ಸ್ವಿಚ್ ಬೋರ್ಡುಗಳ ಮೇಲೆ ಇದನ್ನೇ ಬಳಸುವುದಕ್ಕೆ ಕಾರಣವೂ ಅದೇ: ಎಣ್ಣೆ ಕೈಯಿಂದ ಎಷ್ಟು ಸಲ ಮುಟ್ಟಿದರೂ ಅಕ್ಷರ ಉಳಿಯುತ್ತದೆ.

ಇಡೀ ಕೆಲಸದ ಗುರಿಯನ್ನು ಒಂದೇ ಮಾತಿನಲ್ಲಿ ಹೇಳಬಹುದು. ಮೇಲ್ಪದರ ಪೂರ್ತಿಯಾಗಿ ಹೋಗಬೇಕು, ಒಳಪದರಕ್ಕೆ ಸಾಧ್ಯವಾದಷ್ಟು ಕಡಿಮೆ ತಾಗಬೇಕು. ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯೂ ಈ ಮಾತಿಗೇ ಬಂದು ಸೇರುತ್ತದೆ.

ಬೇಕಾಗುವ ಸಾಮಗ್ರಿ

ಲೇಸರಿನಲ್ಲಿ ಮಾಡುವುದಾದರೆ 40ರಿಂದ 80 ವ್ಯಾಟಿನ ಇಂಗಾಲದ ಡೈಆಕ್ಸೈಡ್ ಟ್ಯೂಬಿನ ಯಂತ್ರ, ಹೊಗೆ ಹೊರಗೆ ಹಾಕುವ ಬ್ಲೋವರ್, ಅಕ್ಷರದ ಮೇಲೆ ಗಾಳಿ ಊದುವ ಏರ್ ಪಂಪ್, ಟ್ಯೂಬಿನ ನೀರು ತಂಪಾಗಿಡುವ ಚಿಲ್ಲರ್ ಬೇಕು. ಕಟರಿನಿಂದ, ಅಂದರೆ ಗಿರಗಿರನೆ ತಿರುಗುವ ಹರಿತವಾದ ಮೊನೆಯಿಂದ, ಕೆತ್ತುವುದಾದರೆ ರೋಟರಿ ಯಂತ್ರ ಅಥವಾ ಕಂಪ್ಯೂಟರ್ ನಡೆಸುವ ಸಣ್ಣ ಸಿಎನ್‌ಸಿ ರೂಟರ್ ಸಾಕು. ಇವಲ್ಲದೆ ಕಾಗದದ ಮಾಸ್ಕಿಂಗ್ ಟೇಪ್, ವರ್ನಿಯರ್ ಕ್ಯಾಲಿಪರ್, ಗಡಿಯಾರ ರಿಪೇರಿಯವರು ಬಳಸುವಂಥ ಹತ್ತು ಪಟ್ಟಿನ ಭೂತಗನ್ನಡಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಸೋಪಿನ ನೀರು ಇರಲಿ. ಭೂತಗನ್ನಡಿಯನ್ನು ಹಲವರು ಅನಗತ್ಯವೆಂದು ಬಿಡುತ್ತಾರೆ. ಕೆತ್ತನೆಯ ತಪ್ಪುಗಳಲ್ಲಿ ಮುಕ್ಕಾಲು ಪಾಲು ಬರಿಗಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಯಂತ್ರದ ನಂತರ ಕೊಳ್ಳಬೇಕಾದ ಮೊದಲ ವಸ್ತು ಅದೇ ಎಂದು ನಾನು ಹೇಳುತ್ತೇನೆ.

1. ಶೀಟು ಆರಿಸುವುದು ಮತ್ತು ಪರೀಕ್ಷಿಸುವುದು

ಶೀಟಿನ ಬಣ್ಣವನ್ನು «ಕಪ್ಪು/ಬಿಳಿ» ಎಂಬಂತೆ ಜೋಡಿಯಾಗಿ ಹೇಳುತ್ತಾರೆ. ಮೊದಲನೆಯದು ಮೇಲ್ಪದರದ ಬಣ್ಣ, ಎರಡನೆಯದು ಕೆತ್ತಿದಾಗ ಕಾಣುವ ಅಕ್ಷರದ ಬಣ್ಣ. ಬಿಳಿ ನೆಲದ ಮೇಲೆ ಕಪ್ಪು ಅಕ್ಷರ ಬೇಕಿದ್ದರೆ «ಬಿಳಿ/ಕಪ್ಪು» ಶೀಟನ್ನೇ ತರಬೇಕು. ಹೊಸಬರು ಕೈಯಲ್ಲಿರುವ ಕಪ್ಪು/ಬಿಳಿ ಶೀಟಿನಲ್ಲೇ ಅಕ್ಷರದ ಸುತ್ತಲಿನ ನೆಲವನ್ನೆಲ್ಲ ಕೆತ್ತಿ ತೆಗೆದು ಅದನ್ನು ಸಾಧಿಸಲು ನೋಡುತ್ತಾರೆ. ಆಗ ಸಮಯ ಹತ್ತು ಪಟ್ಟು ಹಿಡಿಯುತ್ತದೆ, ಬಿಸಿಗೆ ತೆಳು ಶೀಟು ಬಾಗುತ್ತದೆ, ಕೆತ್ತಿದ ನೆಲದಲ್ಲಿ ಪಟ್ಟೆ ಪಟ್ಟೆಯಾಗಿ ಗೆರೆ ಕಾಣುತ್ತದೆ.

ಶೀಟಿನ ಒಟ್ಟು ದಪ್ಪಕ್ಕಿಂತ ಮುಖ್ಯವಾದದ್ದು ಮೇಲ್ಪದರದ ದಪ್ಪ. ಒಟ್ಟು ದಪ್ಪ ಸಾಮಾನ್ಯವಾಗಿ 1.3, 1.5 ಅಥವಾ 3 ಮಿ.ಮೀ. ಇರುತ್ತದೆ. ಲೇಸರಿಗೆಂದೇ ಮಾಡಿದ ಶೀಟಿನ ಮೇಲ್ಪದರ 0.05ರಿಂದ 0.1 ಮಿ.ಮೀ. ಮಾತ್ರ. ಕಟರಿಗೆಂದು ಮಾಡಿದ ಶೀಟಿನಲ್ಲಿ ಅದು 0.25 ಮಿ.ಮೀ.ಗೂ ಹೆಚ್ಚಿರಬಹುದು. ದಪ್ಪ ಮೇಲ್ಪದರದ ಶೀಟನ್ನು ಲೇಸರಿಗೆ ಹಾಕಿದರೆ ಅದನ್ನು ಪೂರ್ತಿ ತೆಗೆಯಲು ಹೆಚ್ಚು ಶಕ್ತಿ ಬೇಕಾಗುತ್ತದೆ, ಆ ಶಕ್ತಿಗೆ ಅಕ್ಷರದ ಅಂಚು ಕರಗಿ ದಂಡೆ ಕಟ್ಟುತ್ತದೆ. ಕನ್ನಡ ಅಕ್ಷರ ಮುಚ್ಚಿಕೊಂಡಂತೆ ಕಾಣುವುದಕ್ಕೆ ಮೊದಲ ಕಾರಣ ಇದು.

ಅಂಗಡಿಯವರ ಮಾತನ್ನು ನೆಚ್ಚದೆ ನೀವೇ ನೋಡಿಕೊಳ್ಳಬಹುದು. ಶೀಟಿನ ಒಂದು ಮೂಲೆಯನ್ನು ಹರಿತವಾದ ಬ್ಲೇಡಿನಿಂದ ಪೆನ್ಸಿಲ್ ಹೆರೆದಂತೆ ಓರೆಯಾಗಿ ಹೆರೆಯಿರಿ. ಓರೆಯಾಗಿ ಹೆರೆದ ಜಾಗದಲ್ಲಿ ಮೇಲ್ಪದರ ತನ್ನ ನಿಜವಾದ ದಪ್ಪಕ್ಕಿಂತ ಅಗಲವಾಗಿ ಹರಡಿಕೊಂಡು ಕಾಣುತ್ತದೆ. ಭೂತಗನ್ನಡಿಯಲ್ಲಿ ಅದು ಕೂದಲೆಳೆಯಂಥ ಗೆರೆಯಾಗಿ ಕಂಡರೆ ಲೇಸರ್ ಶೀಟು, ದಾರದಷ್ಟು ದಪ್ಪದ ಪಟ್ಟಿಯಾಗಿ ಕಂಡರೆ ಕಟರ್ ಶೀಟು.

ಇನ್ನೊಂದು ಪರೀಕ್ಷೆ ಪ್ರಾಣಕ್ಕೆ ಸಂಬಂಧಿಸಿದ್ದು, ಆದ್ದರಿಂದ ಬಿಡುವಂತಿಲ್ಲ. ಈ ಶೀಟುಗಳು ಅಕ್ರಿಲಿಕ್ಕಿನಲ್ಲಿಯೂ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನಲ್ಲಿಯೂ ಬರುತ್ತವೆ. ಅಕ್ರಿಲಿಕ್ ಲೇಸರಿನ ಕೆಳಗೆ ನೇರವಾಗಿ ಆವಿಯಾಗಿ ಹೋಗುವುದರಿಂದ ಅಂಚು ಸ್ವಚ್ಛವಾಗಿರುತ್ತದೆ, ಎಬಿಎಸ್ ಕರಗಿ ಕಪ್ಪು ಹೊಗೆ ಬಿಡುತ್ತದೆ. ಎರಡನ್ನೂ ಒಳ್ಳೆಯ ಬ್ಲೋವರ್ ಇದ್ದರೆ ಕೆತ್ತಬಹುದು. ಆದರೆ ನೋಡಲು ಹಾಗೆಯೇ ಇರುವ ಪಿವಿಸಿ ಶೀಟನ್ನು ಯಾವ ಕಾರಣಕ್ಕೂ ಲೇಸರಿಗೆ ಹಾಕಬಾರದು. ಅದರಲ್ಲಿರುವ ಕ್ಲೋರಿನ್ ಬಿಸಿಗೆ ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಹೊರಬಂದು ಶ್ವಾಸಕೋಶವನ್ನು ಸುಡುತ್ತದೆ, ಯಂತ್ರದ ಹಳಿ, ಬೇರಿಂಗುಗಳನ್ನು ಸ್ವಲ್ಪ ದಿನಗಳಲ್ಲೇ ತುಕ್ಕು ಹಿಡಿಸುತ್ತದೆ. ಗುರುತಿಸಲು ಒಂದು ತಾಮ್ರದ ತಂತಿ ತೆಗೆದುಕೊಂಡು, ಬಯಲಿನಲ್ಲಿ, ಗ್ಯಾಸ್ ಬರ್ನರಿನ ಜ್ವಾಲೆಗೆ ಹಿಡಿದು ಕೆಂಪಗೆ ಕಾಯಿಸಿ. ಆ ಬಿಸಿ ತಂತಿಯನ್ನು ಶೀಟಿನ ಚೂರಿಗೆ ಒತ್ತಿ ಸ್ವಲ್ಪ ಪ್ಲಾಸ್ಟಿಕ್ ಅಂಟಿಸಿಕೊಂಡು ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಎದ್ದುಕಾಣುವಂತೆ ಹಸಿರಾದರೆ ಆ ಶೀಟನ್ನು ಲೇಸರಿನ ಕೋಣೆಯೊಳಗೇ ಇಡಬೇಡಿ. ಹೊಗೆಯನ್ನು ಮೂಸಿ ನೋಡುವ ಅಭ್ಯಾಸ ಕೆಲವರಿಗೆ ಇದೆ, ದಯವಿಟ್ಟು ಅದನ್ನು ಮಾಡಬೇಡಿ.

ಬಿಸಿಲಿಗೆ ಹಾಕುವ ಫಲಕವಾದರೆ ಎಬಿಎಸ್ ಬೇಡ. ವಿಜಯಪುರ, ಬಾಗಲಕೋಟೆಯ ಬೇಸಿಗೆಯ ಬಿಸಿಲಿಗೆ ಅದರ ಬಣ್ಣ ಮಾಸುತ್ತದೆ, ಪ್ಲಾಸ್ಟಿಕ್ ಪೆಡಸಾಗಿ ಸೀಳುತ್ತದೆ. ಹೊರಗಿನ ಕೆಲಸಕ್ಕೆ ಅಕ್ರಿಲಿಕ್ ಶೀಟನ್ನೇ, ಅದೂ ಹೊರಾಂಗಣಕ್ಕೆಂದು ತಯಾರಕರು ಹೇಳಿರುವುದನ್ನೇ ಆರಿಸಿ. ಕೋಣೆಯೊಳಗಿನ ಬ್ಯಾಡ್ಜು, ಮೇಜಿನ ಫಲಕಗಳಿಗೆ ಎಬಿಎಸ್ ಚೆನ್ನಾಗಿಯೇ ನಡೆಯುತ್ತದೆ, ಕೈತಪ್ಪಿ ಬಿದ್ದರೆ ಅಕ್ರಿಲಿಕ್ಕಿನಷ್ಟು ಬೇಗ ಒಡೆಯುವುದೂ ಇಲ್ಲ.

2. ಕನ್ನಡ ಅಕ್ಷರಗಳನ್ನು ಸಿದ್ಧಪಡಿಸುವುದು

ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕು. ನನ್ನ ಅನುಭವದಲ್ಲಿ ಹಾಳಾಗುವ ಕನ್ನಡ ಫಲಕಗಳಲ್ಲಿ ಹೆಚ್ಚಿನವು ಯಂತ್ರಕ್ಕೆ ಹೋಗುವ ಮೊದಲೇ ಹಾಳಾಗಿರುತ್ತವೆ.

ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ಕನ್ನಡದ ಸಾಲು ಹಾಗಲ್ಲ. ಮೇಲೆ ಗುಡಿಸು, ತಲೆಕಟ್ಟು, ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ದೀರ್ಘ ಮತ್ತು ಅರ್ಕಾವೊತ್ತು ಹೀಗೆ ಎಲ್ಲ ದಿಕ್ಕಿಗೂ ಅಕ್ಷರ ಬೆಳೆಯುತ್ತದೆ. «ಮಲ್ಲಿಕಾರ್ಜುನ» ಎಂಬ ಹೆಸರನ್ನೇ ನೋಡಿ. 8 ಮಿ.ಮೀ. ಎತ್ತರದ ಸಾಲಿನಲ್ಲಿ ಇದನ್ನು ಬರೆದರೆ ಮೂಲ ಅಕ್ಷರಕ್ಕೆ ಸಿಗುವುದು ಸುಮಾರು 5 ಮಿ.ಮೀ., ಕೆಳಗಿನ ಲ ಒತ್ತಿಗೆ ಸಿಗುವುದು 3 ಮಿ.ಮೀ.ಗಿಂತಲೂ ಕಡಿಮೆ. ಆ ಒತ್ತಿನ ಒಳಗಿನ ಸುರುಳಿಯಲ್ಲಿ ಉಳಿಯುವ ಬಯಲು ಅರ್ಧ ಮಿಲಿಮೀಟರೂ ಇರುವುದಿಲ್ಲ. 2 ಇಂಚಿನ ಲೆನ್ಸಿನ ಲೇಸರ್ ಕಿರಣವೇ 0.1 ಮಿ.ಮೀ.ಗಿಂತ ಸ್ವಲ್ಪ ದಪ್ಪವಿರುವುದರಿಂದ, ಎರಡೂ ಕಡೆಯಿಂದ ಅಂಚು ಕರಗಿದರೆ ಆ ಬಯಲು ಮುಚ್ಚಿಹೋಗುತ್ತದೆ. ಆದ್ದರಿಂದ ಅಕ್ಷರದ ಗಾತ್ರವನ್ನು ಸಾಲಿನ ಎತ್ತರದಿಂದ ನಿರ್ಧರಿಸಬೇಡಿ. ಬರಹದಲ್ಲಿರುವ ಅತಿ ಚಿಕ್ಕ ಸುರುಳಿಯನ್ನು ಹುಡುಕಿ, ಅದರ ಒಳಗಿನ ಬಯಲು ಲೇಸರಿನಲ್ಲಿ ಕನಿಷ್ಠ 0.4 ಮಿ.ಮೀ., ಕಟರಿನಲ್ಲಿ ಕನಿಷ್ಠ 0.6 ಮಿ.ಮೀ. ಇರುವಂತೆ ಗಾತ್ರ ಇಡಿ. ಣ್ಣ, ಜ್ಞ, ಕ್ಷ, ಶ್ರೀ, ತ್ತ್ವ ಇರುವ ಹೆಸರುಗಳಲ್ಲಿ ಈ ಲೆಕ್ಕ ತಪ್ಪಿಸಲೇಬಾರದು.

ಅಕ್ಷರಶೈಲಿ ಆರಿಸುವಾಗ ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮನಾಗಿರುವುದನ್ನು ತೆಗೆದುಕೊಳ್ಳಿ. ಅಚ್ಚಿನ ಪುಸ್ತಕದಲ್ಲಿ ಚೆಂದ ಕಾಣುವ, ದಪ್ಪ-ತೆಳು ಗೆರೆಗಳು ಬೆರೆತ ಶೈಲಿಗಳಲ್ಲಿ ತೆಳು ಗೆರೆಗಳು ಕೆತ್ತನೆಯಲ್ಲಿ ಅಳಿಸಿಹೋಗುತ್ತವೆ. ತುಂಬ ದಪ್ಪ ಅಕ್ಷರವೂ ಬೇಡ, ಅದರಲ್ಲಿ ಸುರುಳಿಗಳು ಮುಚ್ಚುತ್ತವೆ.

ಮುಂದಿನ ವಿಷಯ ನುಡಿ, ಬರಹದಂಥ ಹಳೆಯ ಅಕ್ಷರಶೈಲಿಗಳಿಗೆ ಸಂಬಂಧಿಸಿದ್ದು. ಯೂನಿಕೋಡ್ ಅಲ್ಲದ, «ಆಸ್ಕಿ» ಎಂದು ಕರೆಯುವ ಈ ಶೈಲಿಗಳಲ್ಲಿ ಒಂದು ಅಕ್ಷರ ಒಂದೇ ಆಕಾರವಾಗಿರುವುದಿಲ್ಲ. ಮೂಲ ರೂಪ, ಸ್ವರಚಿಹ್ನೆ, ಒತ್ತು ಬೇರೆ ಬೇರೆ ತುಂಡುಗಳಾಗಿದ್ದು ಒಂದರ ಮೇಲೊಂದು ಸ್ವಲ್ಪ ಸರಿದು ಕೂರುತ್ತವೆ. ಕಾಗದದ ಮೇಲೆ ಮುದ್ರಿಸಿದಾಗ ಕಪ್ಪಿನ ಮೇಲೆ ಕಪ್ಪು ಬೀಳುವುದರಿಂದ ಅದು ತಿಳಿಯುವುದಿಲ್ಲ. ಕೆತ್ತನೆಯ ತಂತ್ರಾಂಶಗಳು ಮಾತ್ರ ಎರಡು ಆಕಾರಗಳು ಒಂದರ ಮೇಲೊಂದು ಬಿದ್ದ ಜಾಗವನ್ನು ಖಾಲಿ ಎಂದು ತಿಳಿಯುತ್ತವೆ. ಫಲಿತಾಂಶವಾಗಿ «ಮಾ» ಅಕ್ಷರದಲ್ಲಿ ದೀರ್ಘ ಸೇರುವ ಕಡೆ ಅಕ್ಕಿಕಾಳಿನಂಥ ಒಂದು ಕಪ್ಪು ಚುಕ್ಕೆ ಕೆತ್ತದೆಯೇ ಉಳಿದುಬಿಡುತ್ತದೆ. ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಇದಕ್ಕೆ ಪರಿಹಾರವಿದೆ. ಪಠ್ಯವನ್ನು ಮೊದಲು «ಕನ್ವರ್ಟ್ ಟು ಕರ್ವ್ಸ್» ಆಜ್ಞೆಯಿಂದ ಗೆರೆಗಳಾಗಿ ಬದಲಿಸಿ, ತುಂಡುಗಳನ್ನು ಬಿಡಿಸಿ, ಒಂದು ಅಕ್ಷರಕ್ಕೆ ಸೇರಿದವನ್ನು ಆಯ್ದು «ವೆಲ್ಡ್» ಮಾಡಿ. ವೆಲ್ಡ್ ಎಂದರೆ ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಒಂದೇ ಹೊರಗೆರೆಯಾಗಿ ಬೆಸೆಯುವುದು. ಆಮೇಲೆ ತೆರೆಯ ಮೇಲೆ ಬಣ್ಣ ತೆಗೆದು ಹೊರಗೆರೆ ಮಾತ್ರ ಕಾಣುವ ನೋಟಕ್ಕೆ ಹೋಗಿ. ಅಕ್ಷರದ ಒಳಗೆ ಎಲ್ಲಿಯೂ ಅಡ್ಡಗೆರೆ ಕಾಣದಿದ್ದರೆ ಕೆಲಸ ಸರಿಯಾಗಿದೆ. ಬಿಡಿಸುವಾಗ ಒ, ಠ, ಧ ಮೊದಲಾದವುಗಳ ಒಳಗಿನ ಬಯಲು ಬೇರೆ ತುಂಡಾಗಿ ವೆಲ್ಡಿನಲ್ಲಿ ತುಂಬಿಹೋಗುವ ಅಪಾಯವಿದೆ. ಹಾಗಾದರೆ ಆ ಬಯಲನ್ನು ಮತ್ತೆ «ಕಂಬೈನ್» ಮಾಡಿ ತೆರೆಯಬೇಕು.

ಯೂನಿಕೋಡ್ ಶೈಲಿ ಬಳಸುವವರು ಬೇರೊಂದು ತೊಂದರೆಗೆ ಸಿಕ್ಕಿಬೀಳುತ್ತಾರೆ. ಹಳೆಯ ವಿನ್ಯಾಸ ತಂತ್ರಾಂಶಗಳು ಕನ್ನಡದ ಒತ್ತುಗಳನ್ನು ಕೂಡಿಸದೆ ಬಿಡಿಬಿಡಿಯಾಗಿ ತೋರಿಸುತ್ತವೆ, ಅರ್ಕಾವೊತ್ತನ್ನು ತಪ್ಪು ಜಾಗದಲ್ಲಿ ಇಡುತ್ತವೆ. ಒಂದು ಶಾಲೆಯ ಬ್ಯಾಡ್ಜುಗಳಲ್ಲಿ ನಾನೇ ಇದನ್ನು ಗಮನಿಸದೆ ಒಂದು ಇಡೀ ಕಂತನ್ನು ಕೆತ್ತಿ ಬಿಸಾಡಿದ್ದೇನೆ. ಅಂದಿನಿಂದ ಕೆತ್ತುವ ಕಡತವನ್ನೇ ಕಾಗದದ ಮೇಲೆ ನಿಜ ಗಾತ್ರದಲ್ಲಿ ಮುದ್ರಿಸಿ, ಗ್ರಾಹಕರ ಸಹಿ ಪಡೆಯದೆ ಶೀಟು ಮುಟ್ಟುವುದಿಲ್ಲ. ಗ್ರಾಹಕರಿಗೆ ವಾಟ್ಸ್ಯಾಪಿನಲ್ಲಿ ಚಿತ್ರ ಕಳಿಸಿ ಒಪ್ಪಿಗೆ ಪಡೆಯುವುದು ಸಾಲದು, ಫೋನಿನ ತೆರೆಯಲ್ಲಿ ಎಲ್ಲವೂ ದೊಡ್ಡದಾಗಿ, ಸರಿಯಾಗಿಯೇ ಕಾಣುತ್ತದೆ.

3. ಅಳತೆ ಮತ್ತು ಜೋಡಣೆ

ಬ್ಯಾಡ್ಜಿಗೆ 75 × 25 ಮಿ.ಮೀ. ಬಹಳ ಬಳಕೆಯ ಅಳತೆ. ಸುತ್ತ 4 ಮಿ.ಮೀ. ಅಂಚು ಬಿಟ್ಟರೆ ಬರೆಯಲು ಸಿಗುವುದು 67 × 17 ಮಿ.ಮೀ. ಇಷ್ಟರೊಳಗೆ ಹೆಸರೂ ಹುದ್ದೆಯೂ ಕೂರಬೇಕು. «ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್» ಎಂಬ ಹುದ್ದೆಯನ್ನು 67 ಮಿ.ಮೀ. ಅಗಲಕ್ಕೆ ಹಿಡಿಸಲು ಹೊರಟರೆ ಅಕ್ಷರಗಳು ಓದಲಾಗದಷ್ಟು ಚಿಕ್ಕವಾಗುತ್ತವೆ. ಇಂಥಲ್ಲಿ ಅಕ್ಷರಗಳನ್ನು ಅಡ್ಡಡ್ಡವಾಗಿ ಅಮುಕಿ ಹಿಡಿಸುವುದು ಎಲ್ಲರೂ ಮಾಡುವ ತಪ್ಪು, ಅಮುಕಿದಾಗ ಮೊದಲು ಮುಚ್ಚುವುದು ಸುರುಳಿಗಳೇ. ಬ್ಯಾಡ್ಜನ್ನು 80 × 30ಕ್ಕೆ ಹಿಗ್ಗಿಸಿ ಹುದ್ದೆಯನ್ನು ಎರಡು ಸಾಲು ಮಾಡುವುದೇ ಸರಿ ಎಂದು ಗ್ರಾಹಕರಿಗೆ ಮೊದಲೇ ತಿಳಿಸಿ ಹೇಳಿ. ಎರಡು ಸಾಲುಗಳ ನಡುವೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ, ಕನಿಷ್ಠ 1.5 ಮಿ.ಮೀ. ತೆರವು ಇರಲಿ.

ಬೆಳಗಾವಿಯಲ್ಲಿ ಒಂದೇ ಫಲಕದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕೆನ್ನುವ ಗ್ರಾಹಕರು ಸಾಮಾನ್ಯ. ಅಂಗಡಿ, ಸಂಸ್ಥೆಗಳ ಹೆಸರುಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು ಎಂದು ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ವಿನ್ಯಾಸ ಮಾಡುವಾಗಲೇ ಇದನ್ನು ಪಾಲಿಸಿದರೆ ಗ್ರಾಹಕರು ಫಲಕವನ್ನು ಎರಡು ಸಲ ಮಾಡಿಸಬೇಕಾಗುವುದಿಲ್ಲ.

ಶೀಟಿನ ಮೇಲೆ ಬ್ಯಾಡ್ಜುಗಳನ್ನು ಜೋಡಿಸುವಾಗ ಎರಡು ದಿಕ್ಕಿಗೂ ಲೆಕ್ಕ ಹಾಕಿ. 600 × 300 ಮಿ.ಮೀ. ತುಂಡಿನಲ್ಲಿ, ನಡುವೆ 2 ಮಿ.ಮೀ. ಬಿಟ್ಟು, ಬ್ಯಾಡ್ಜಿನ ಉದ್ದವನ್ನು ಶೀಟಿನ ಉದ್ದಕ್ಕೆ ಇಟ್ಟರೆ 77 ಬ್ಯಾಡ್ಜು ಬರುತ್ತವೆ, ಅಡ್ಡಕ್ಕೆ ಇಟ್ಟರೆ 66 ಮಾತ್ರ. ಆದರೆ ಉಜ್ಜಿದ ಚಿನ್ನ, ಬೆಳ್ಳಿಯ ಬಣ್ಣದ ಶೀಟುಗಳಲ್ಲಿ ಸೀರೆಯ ನೇಯ್ಗೆಯಂತೆ ಒಂದೇ ದಿಕ್ಕಿಗೆ ಗೆರೆಗಳಿರುತ್ತವೆ. ಅಲ್ಲಿ ಉಳಿತಾಯಕ್ಕೆಂದು ಕೆಲವು ಬ್ಯಾಡ್ಜುಗಳನ್ನು ಅಡ್ಡಕ್ಕೂ ಕೆಲವನ್ನು ಉದ್ದಕ್ಕೂ ಇಟ್ಟರೆ, ಒಂದೇ ಕಚೇರಿಯ ಇಬ್ಬರ ಬ್ಯಾಡ್ಜು ಬೆಳಕಿನಲ್ಲಿ ಎರಡು ಬಣ್ಣವಾಗಿ ಕಾಣುತ್ತವೆ.

4. ಪರೀಕ್ಷಾ ತುಂಡು

ಹೊಸ ಶೀಟು ತಂದ ದಿನವೇ ಅದರ ಅಂಚಿನಲ್ಲಿ 10 ಮಿ.ಮೀ.ನ ಚೌಕಗಳನ್ನು ಐದು ಸಾಲು, ಐದು ಕಂಬ ಕೆತ್ತಿ. ಸಾಲಿಗೊಂದು ವೇಗ, ಕಂಬಕ್ಕೊಂದು ಶಕ್ತಿ ಇರಲಿ. 60 ವ್ಯಾಟಿನ ಯಂತ್ರದಲ್ಲಿ ತೆಳು ಮೇಲ್ಪದರದ ಶೀಟಿಗೆ ಸೆಕೆಂಡಿಗೆ 300 ಮಿ.ಮೀ. ವೇಗ, ಶೇಕಡಾ 15ರಿಂದ 20 ಶಕ್ತಿ, ಗೆರೆಯಿಂದ ಗೆರೆಗೆ 0.08 ಮಿ.ಮೀ. ಅಂತರ ಇಟ್ಟು ಆರಂಭಿಸಿ, ಅದರ ಹಿಂದೆ ಮುಂದೆ ನೋಡಬಹುದು. ಇದು ಆರಂಭದ ಅಂಕಿ ಮಾತ್ರ. ಟ್ಯೂಬು ಹಳೆಯದಾದಂತೆ ಅದೇ ಶೇಕಡಾವಾರಿನಲ್ಲಿ ಬರುವ ಬೆಳಕು ಕಡಿಮೆಯಾಗುತ್ತದೆ, ಹಾಗಾಗಿ ನನ್ನ ಯಂತ್ರದ ಅಂಕಿ ನಿಮ್ಮ ಯಂತ್ರಕ್ಕೆ ಹೊಂದಲಾರದು.

ಕೆತ್ತಿದ ಚೌಕಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಭೂತಗನ್ನಡಿಯಲ್ಲಿ ನೋಡಿ. ಕಪ್ಪು/ಬಿಳಿ ಶೀಟಿನಲ್ಲಿ ಶಕ್ತಿ ಸಾಲದ ಚೌಕ ಬೂದಿ ಬಳಿದಂತೆ ಮಬ್ಬಾಗಿರುತ್ತದೆ, ಮೇಲ್ಪದರದ ಸಣ್ಣ ಸಣ್ಣ ಕಣಗಳು ಗೆರೆಗಳ ನಡುವೆ ಉಳಿದಿರುತ್ತವೆ. ಶಕ್ತಿ ಹೆಚ್ಚಾದ ಚೌಕದಲ್ಲಿ ಬಿಳಿ ಹಳದಿಗೆ ತಿರುಗಿ, ಅಂಚಿನಲ್ಲಿ ಬೆರಳಿಗೆ ತಗಲುವಂಥ ದಂಡೆ ಎದ್ದಿರುತ್ತದೆ. ಇವೆರಡರ ನಡುವೆ, ಮಬ್ಬು ಪೂರ್ತಿ ಹೋದ ಮೊದಲನೆಯ ಚೌಕವನ್ನೇ ಆರಿಸಿ. ಇನ್ನೂ ಸ್ವಲ್ಪ ಇರಲಿ ಎಂದು ಅದರ ಮುಂದಿನದಕ್ಕೆ ಹೋಗಬೇಡಿ. ಚೌಕ ಸರಿ ಕಂಡ ಮೇಲೆ ಅದೇ ಅಂಕಿಯಲ್ಲಿ «ಶ್ರೀ», «ಜ್ಞ», «ಣ್ಣ» ಮೂರನ್ನು ನೀವು ಬಳಸುವ ಅತಿ ಚಿಕ್ಕ ಗಾತ್ರದಲ್ಲಿ ಕೆತ್ತಿ ನೋಡಿ. ಆ ಸುರುಳಿಗಳು ತೆರೆದಿದ್ದರೆ ಉಳಿದ ಅಕ್ಷರಗಳ ಚಿಂತೆಯಿಲ್ಲ.

5. ಲೇಸರಿನಲ್ಲಿ ಕೆತ್ತುವುದು

ಶೀಟಿನ ಮೇಲೆ ತಯಾರಕರು ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮನ್ನು ಲೇಸರಿಗೆ ಹಾಕುವ ಮೊದಲು ತೆಗೆಯಿರಿ, ಅದು ಕರಗಿ ಅಕ್ಷರದ ಅಂಚಿಗೆ ಅಂಟುತ್ತದೆ. ಅದರ ಬದಲು ಕಾಗದದ ಮಾಸ್ಕಿಂಗ್ ಟೇಪನ್ನು ಗುಳ್ಳೆಯಿಲ್ಲದಂತೆ ಹಚ್ಚಿದರೆ ಹೊಗೆಯ ಕಲೆ ಶೀಟಿಗೆ ತಗಲುವುದಿಲ್ಲ. ಟೇಪನ್ನು ಸುಡಲು ಸ್ವಲ್ಪ ಶಕ್ತಿ ಹೋಗುವುದರಿಂದ ಪರೀಕ್ಷಾ ತುಂಡನ್ನೂ ಟೇಪು ಹಚ್ಚಿಯೇ ಮಾಡಿರಬೇಕು. ತೀರ ಸಣ್ಣ ಅಕ್ಷರಗಳ ಬ್ಯಾಡ್ಜಿಗೆ ನಾನು ಟೇಪು ಹಚ್ಚುವುದಿಲ್ಲ. ಸುರುಳಿಯೊಳಗೆ ಉಳಿಯುವ ಕಾಗದದ ಚೂರನ್ನು ಒಂದೊಂದಾಗಿ ಕೀಳುವ ಹೊತ್ತಿಗೆ ಮೇಲ್ಪದರಕ್ಕೆ ಗೀರು ಬೀಳುತ್ತದೆ.

ಶೀಟು ಮೇಜಿನ ಮೇಲೆ ಸಮತಟ್ಟಾಗಿ ಕೂರಬೇಕು. ಮೂಲೆ ಎದ್ದಿದ್ದರೆ ಅಯಸ್ಕಾಂತಗಳಿಂದ ಒತ್ತಿ ಹಿಡಿಯಿರಿ. ಫೋಕಸನ್ನು, ಅಂದರೆ ಕಿರಣ ಅತಿ ಸಣ್ಣದಾಗುವ ದೂರವನ್ನು, ಶೀಟಿನ ನಾಲ್ಕು ಮೂಲೆಗಳಲ್ಲೂ ಅಳೆದು ನೋಡಿ. ಒಂದು ಮೂಲೆಯಲ್ಲಿ ಸರಿಯಿದ್ದು ಇನ್ನೊಂದರಲ್ಲಿ 1 ಮಿ.ಮೀ. ಹೆಚ್ಚು ಕಡಿಮೆಯಾದರೆ, ಒಂದೇ ಶೀಟಿನ ಬ್ಯಾಡ್ಜುಗಳಲ್ಲಿ ಅರ್ಧ ಹರಿತವಾಗಿಯೂ ಅರ್ಧ ಮಂಕಾಗಿಯೂ ಬರುತ್ತವೆ.

ಬ್ಲೋವರಿನ ಬಾಯಿ ಯಂತ್ರದ ಹಿಂಭಾಗದಲ್ಲಿದ್ದರೆ ಕೆತ್ತನೆಯನ್ನು ಮುಂಭಾಗದಿಂದ ಹಿಂಭಾಗಕ್ಕೆ, ಅಂದರೆ ತೆರೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಹೋಗುವಂತೆ ಇಡಿ. ಆಗ ಹೊಗೆ ಮತ್ತು ಪುಡಿ ಇನ್ನೂ ಕೆತ್ತದ ಭಾಗದ ಮೇಲೆ ಹಾದು ಹೋಗುತ್ತದೆ. ತಿರುಗಾಮುರುಗಾ ಮಾಡಿದರೆ ಈಗಷ್ಟೇ ತೆರೆದ ಬಿಸಿ ಒಳಪದರದ ಮೇಲೆ ಪುಡಿ ಬಿದ್ದು ಅಂಟುತ್ತದೆ, ತೊಳೆದರೂ ಹೋಗುವುದಿಲ್ಲ. ಎಬಿಎಸ್ ಶೀಟಿನಲ್ಲಿ ಇಷ್ಟು ಮಾಡಿಯೂ ಬಿಳಿ ಮಂಕಾಗಿ ಉಳಿದರೆ, ಅರ್ಧ ಶಕ್ತಿಯಲ್ಲಿ, ಫೋಕಸನ್ನು 1 ಮಿ.ಮೀ. ಸರಿಸಿ, ಎರಡನೆಯ ಸಲ ಹಾಯಿಸಿದರೆ ಮೇಲಿನ ಮಸಿ ಸ್ವಚ್ಛವಾಗುತ್ತದೆ.

ಬೇಸಿಗೆಯಲ್ಲಿ ಚಿಲ್ಲರಿನ ನೀರಿನ ಮೇಲೆ ಕಣ್ಣಿಡಿ. ಟ್ಯೂಬಿನ ನೀರು 15ರಿಂದ 25 ಡಿಗ್ರಿಯೊಳಗೆ ಇರಬೇಕು. ಮಧ್ಯಾಹ್ನದ ಸೆಖೆಯಲ್ಲಿ ಬಕೆಟ್ಟಿನ ನೀರು ಮತ್ತು ಸಣ್ಣ ಪಂಪಿನಿಂದ ಇದು ಸಾಧ್ಯವಿಲ್ಲ. ನೀರು ಬಿಸಿಯಾದಂತೆ ಶಕ್ತಿ ಇಳಿದು, ಬೆಳಿಗ್ಗೆ ಕೆತ್ತಿದ ಬ್ಯಾಡ್ಜು ಸ್ಪಷ್ಟವಾಗಿಯೂ ಮಧ್ಯಾಹ್ನದ್ದು ಮಬ್ಬಾಗಿಯೂ ಬರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ: ನೀರನ್ನು ಅತಿಯಾಗಿ ತಂಪು ಮಾಡಿದರೆ ತೇವದ ಗಾಳಿಗೆ ಟ್ಯೂಬಿನ ಮೇಲೆ ಹನಿ ಕಟ್ಟುತ್ತದೆ. ಆ ತಿಂಗಳುಗಳಲ್ಲಿ 22 ಡಿಗ್ರಿಗಿಂತ ಕೆಳಗೆ ಇಳಿಸದಿರುವುದು ನನ್ನ ರೂಢಿ. ಮಧ್ಯದಲ್ಲಿ ಕರೆಂಟು ಹೋದರೆ ಯಂತ್ರ ತನ್ನ ಆರಂಭದ ಬಿಂದುವನ್ನು ಮರೆಯಬಹುದು, ಆದ್ದರಿಂದ ಆ ಬಿಂದುವನ್ನು ಶೀಟಿನ ಮೂಲೆಗೇ ಹೊಂದಿಸಿ ಬರೆದಿಟ್ಟುಕೊಳ್ಳಿ.

ಅಕ್ರಿಲಿಕ್ ಬೆಂಕಿ ಹೊತ್ತಿಕೊಳ್ಳುವ ವಸ್ತು. ಯಂತ್ರ ನಡೆಯುತ್ತಿರುವಾಗ ಚಹಾ ಕುಡಿಯಲೂ ಎದ್ದು ಹೋಗಬಾರದು. ಬೆಂಕಿ ನಂದಿಸುವ ಸಿಲಿಂಡರ್ ಯಂತ್ರದ ಹಿಂದೆ ಇರಬಾರದು, ಬಾಗಿಲಿನ ಬಳಿ ಕೈಗೆ ಸಿಗುವಂತೆ ಇರಬೇಕು.

6. ಕತ್ತರಿಸುವುದು

ಮೊದಲು ಎಲ್ಲ ಅಕ್ಷರಗಳ ಕೆತ್ತನೆ, ಆಮೇಲೆ ತೂತುಗಳು, ಕೊನೆಗೆ ಹೊರಗೆರೆ. ಈ ಕ್ರಮ ತಪ್ಪಿದರೆ ಬಿಡಿಯಾದ ಬ್ಯಾಡ್ಜು ಸರಿದು ಕೆತ್ತನೆ ಓರೆಯಾಗುತ್ತದೆ. 60 ವ್ಯಾಟಿನಲ್ಲಿ 1.5 ಮಿ.ಮೀ. ಶೀಟಿಗೆ ಸೆಕೆಂಡಿಗೆ 20 ಮಿ.ಮೀ., ಶೇಕಡಾ 50ರಿಂದ 60 ಶಕ್ತಿ ಸಾಮಾನ್ಯವಾಗಿ ಸಾಕು. ಮೂಲೆಗಳನ್ನು 3 ಮಿ.ಮೀ. ಗುಂಡಗೆ ಮಾಡಿ, ಚೂಪು ಮೂಲೆ ಅಂಗಿಯ ಜೇಬನ್ನು ಹರಿಯುತ್ತದೆ. ಲೇಸರ್ ಗೆರೆಯೇ 0.15ರಿಂದ 0.2 ಮಿ.ಮೀ. ತಿನ್ನುವುದರಿಂದ, ಚೌಕಟ್ಟಿನೊಳಗೆ ಬಿಗಿಯಾಗಿ ಕೂರಬೇಕಾದ ಪ್ಯಾನೆಲ್ ಪಟ್ಟಿಗಳಿಗೆ ಅಷ್ಟನ್ನು ಅಳತೆಗೆ ಸೇರಿಸಿಕೊಳ್ಳಿ.

7. ಕಟರಿನಿಂದ ಕೆತ್ತುವವರಿಗೆ

ಲೇಸರ್ ಇಲ್ಲದವರು ಹಿಂದೆ ಬಿದ್ದಿದ್ದೇವೆ ಎಂದುಕೊಳ್ಳಬೇಕಿಲ್ಲ. ಕಟರಿನಿಂದ ಕೆತ್ತಿದ ಅಕ್ಷರಕ್ಕೆ ಆಳವಿರುತ್ತದೆ, ಅಂಚಿನಲ್ಲಿ ಸುಟ್ಟ ಕಲೆ ಇರುವುದಿಲ್ಲ, ಹೊಗೆಯೂ ಇಲ್ಲ. ಕಾರ್ಖಾನೆಯ ಪ್ಯಾನೆಲ್ ಪಟ್ಟಿಗಳಿಗೆ ನಾನು ಇಂದಿಗೂ ಇದನ್ನೇ ಮೆಚ್ಚುತ್ತೇನೆ.

ಕಾರ್ಬೈಡಿನ, ಶಂಕುವಿನಂತೆ ಚೂಪಾಗುತ್ತ ಹೋಗುವ, ಅರ್ಧ ಸೀಳಿದ ಕಟರ್ ಬಳಸಿ. ಅದರ ತುದಿಯ ಅಗಲವೇ ಗೆರೆಯ ಕನಿಷ್ಠ ಅಗಲ. ಆಳ ಹೆಚ್ಚಿದಂತೆ ಗೆರೆಯೂ ಅಗಲವಾಗುತ್ತದೆ ಎಂಬುದನ್ನು ಮರೆಯಬಾರದು. 60 ಡಿಗ್ರಿಯ ಕೋನ, 0.3 ಮಿ.ಮೀ. ತುದಿಯ ಕಟರನ್ನು 0.3 ಮಿ.ಮೀ. ಆಳಕ್ಕೆ ಇಳಿಸಿದರೆ ಗೆರೆ ಸುಮಾರು 0.65 ಮಿ.ಮೀ. ಆಗುತ್ತದೆ. ಶೀಟು ಬಾಗಿ ಆಳ 0.1 ಮಿ.ಮೀ. ಹೆಚ್ಚಾದರೆ ಗೆರೆಯೂ ಅಷ್ಟೇ ದಪ್ಪವಾಗುತ್ತದೆ, ಅಕ್ಷರದ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ. ಆದ್ದರಿಂದ ಶೀಟನ್ನು ಡಬಲ್ ಸೈಡ್ ಟೇಪಿನಿಂದ ಪೂರ್ತಿಯಾಗಿ ಮೇಜಿಗೆ ಅಂಟಿಸಿ, ಸಾಧ್ಯವಿದ್ದರೆ ಶೀಟಿನ ಮೇಲೆಯೇ ಜಾರುತ್ತ ಆಳವನ್ನು ಕಾಯುವ ಮೂತಿ ಇರುವ ಸ್ಪಿಂಡಲ್ (ಕಟರನ್ನು ಹಿಡಿದು ತಿರುಗಿಸುವ ಭಾಗ) ಬಳಸಿ. ಇಲ್ಲಿ ಮಾತ್ರ ಶೀಟಿನ ಪ್ಲಾಸ್ಟಿಕ್ ಫಿಲ್ಮನ್ನು ಹಾಗೆಯೇ ಬಿಡಿ, ಮೂತಿ ಜಾರುವಾಗ ಗೀರು ಬೀಳುವುದಿಲ್ಲ.

ನಿಮಿಷಕ್ಕೆ 10,000ರಿಂದ 15,000 ಸುತ್ತು, ನಿಮಿಷಕ್ಕೆ 1000 ಮಿ.ಮೀ. ಸುತ್ತಮುತ್ತಲಿನ ಸಾಗುವಿಕೆ ಇಟ್ಟು ಆರಂಭಿಸಿ. ಹೊರಬರುವ ಪುಡಿ ಒಣ ರವೆಯಂತೆ ಇರಬೇಕು. ಅದು ದಾರದಂತೆ ಕರಗಿ ಕಟರಿಗೆ ಸುತ್ತಿಕೊಂಡರೆ ಕಟರ್ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ತಿರುಗುತ್ತಿದೆ ಎಂದರ್ಥ: ಸುತ್ತು ಇಳಿಸಿ ಅಥವಾ ಸಾಗುವಿಕೆ ಏರಿಸಿ. ಅದರಿಂದಲೂ ಸರಿಹೋಗದಿದ್ದರೆ ಕಟರ್ ಮೊಂಡಾಗಿದೆ.

ಕಟರಿನಲ್ಲಿ ಒಂದೇ ಗೆರೆಯ ಅಕ್ಷರ ಬೇಗ ಮುಗಿಯುತ್ತದೆ. ಇಂಗ್ಲಿಷಿಗೆ ಅಂಥ ಶೈಲಿಗಳು ಯಂತ್ರದ ಜೊತೆಗೇ ಬರುತ್ತವೆ, ಕನ್ನಡಕ್ಕೆ ಸುಲಭವಾಗಿ ಸಿಗುವುದಿಲ್ಲ. ಕೋರೆಲ್‌ಡ್ರಾದ «ಸೆಂಟರ್‌ಲೈನ್ ಟ್ರೇಸ್» ಸೌಲಭ್ಯದಿಂದ ಅಕ್ಷರದ ನಡುಗೆರೆಯನ್ನು ತೆಗೆದು, ಕೂಡುವ ಜಾಗಗಳನ್ನು ಕೈಯಿಂದ ತಿದ್ದಿ, ಒಮ್ಮೆ ವರ್ಣಮಾಲೆ, ಕಾಗುಣಿತ, ಒತ್ತುಗಳನ್ನು ಸಿದ್ಧಮಾಡಿಟ್ಟುಕೊಂಡರೆ ವರ್ಷಗಟ್ಟಲೆ ಬಳಕೆಗೆ ಬರುತ್ತದೆ. ನಾನು ಹಾಗೆ ಮಾಡಿಕೊಳ್ಳಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು, ಆ ಶ್ರಮಕ್ಕೆ ಒಂದು ದಿನವೂ ಮರುಗಿಲ್ಲ.

8. ತೊಳೆಯುವುದು

ಸೋಪಿನ ನೀರು, ಮೆತ್ತನೆಯ ಬ್ರಷ್, ಹತ್ತಿಯ ಬಟ್ಟೆ ಇಷ್ಟೇ. ಥಿನ್ನರ್, ಅಸಿಟೋನ್ ಎಬಿಎಸ್‌ನ ಮೇಲ್ಮೈಯನ್ನು ಕ್ಷಣದಲ್ಲಿ ಕರಗಿಸುತ್ತವೆ. ಅಕ್ರಿಲಿಕ್ಕಿಗೆ ಸ್ಪಿರಿಟ್ ಹಚ್ಚಿದರೆ ಲೇಸರಿನಲ್ಲಿ ಕತ್ತರಿಸಿದ ಅಂಚಿನಿಂದ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಒಳಕ್ಕೆ ಓಡುತ್ತವೆ. ಕೆಲವೊಮ್ಮೆ ಅವು ಫಲಕವನ್ನು ಗ್ರಾಹಕರಿಗೆ ಕೊಟ್ಟ ಮರುದಿನ ಕಾಣಿಸಿಕೊಳ್ಳುತ್ತವೆ.

9. ಪಿನ್ನು, ಅಂಟು, ಸ್ಕ್ರೂ

ಬ್ಯಾಡ್ಜಿನ ಪಿನ್ನನ್ನು ಫೆವಿಕ್ವಿಕ್‌ನಂಥ ತಟ್ಟನೆ ಹಿಡಿಯುವ ಅಂಟಿನಿಂದ ಅಂಟಿಸಿದರೆ, ಅದರ ಆವಿಗೆ ಕಪ್ಪು ಶೀಟಿನ ಮೇಲೆ ಬಿಳಿ ಬೂಷ್ಟಿನಂಥ ಕಲೆ ಏಳುತ್ತದೆ. ಬೇಕೇ ಬೇಕಾದರೆ ಒಂದು ಹನಿ ಮಾತ್ರ ಹಾಕಿ, ಗಾಳಿಯಾಡುವ ಕಡೆ ಬಿಡಿಬಿಡಿಯಾಗಿ ಒಣಗಿಸಿ, ಡಬ್ಬಿಯೊಳಗೆ ಮುಚ್ಚಿಡಬೇಡಿ. ಒಳ್ಳೆಯ ಫೋಮ್ ಟೇಪು ಇದಕ್ಕಿಂತ ಸುರಕ್ಷಿತ. ಅಂಟಿಸುವ ಮೊದಲು ಬ್ಯಾಡ್ಜಿನ ಹಿಂಬದಿಯನ್ನು ತೊಳೆದು ಒಣಗಿಸಿ. ಅಯಸ್ಕಾಂತದ ಬ್ಯಾಡ್ಜು ಬಟ್ಟೆಯನ್ನು ತೂತು ಮಾಡುವುದಿಲ್ಲ, ಆದರೆ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನು ಎದೆಯ ಮೇಲೆ ಧರಿಸಬಾರದು. ಆಸ್ಪತ್ರೆ, ಕಚೇರಿಗಳ ದೊಡ್ಡ ಬೇಡಿಕೆ ಬಂದಾಗ ಈ ಮಾತನ್ನು ನೀವಾಗಿಯೇ ಹೇಳಬೇಕು.

ಗೋಡೆಯ ಫಲಕಕ್ಕೆ ಸುಣ್ಣ ಬಳಿದ ಗೋಡೆಯ ಮೇಲೆ ಟೇಪು ನಿಲ್ಲುವುದಿಲ್ಲ, ಟೇಪು ಹಿಡಿದುಕೊಳ್ಳುವುದು ಸುಣ್ಣವನ್ನು, ಸುಣ್ಣ ಗೋಡೆಯನ್ನು ಬಿಡುತ್ತದೆ. ಅಲ್ಲಿ ಸ್ಕ್ರೂ ಹಾಕಿ. ಅಕ್ರಿಲಿಕ್ ಬಿಸಿಗೆ ಹಿಗ್ಗುವ ವಸ್ತುವಾದ್ದರಿಂದ, 600 ಮಿ.ಮೀ. ಉದ್ದದ ಫಲಕ 30 ಡಿಗ್ರಿ ಬಿಸಿಯೇರಿದಾಗ ಒಂದು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ತೂತು ಸ್ಕ್ರೂವಿಗಿಂತ 1.5 ಮಿ.ಮೀ. ದೊಡ್ಡದಿರಲಿ, ಅಂಚಿನಿಂದ ತೂತಿನ ಅಗಲದ ಎರಡು ಪಟ್ಟಾದರೂ ಒಳಗಿರಲಿ, ಸ್ಕ್ರೂವನ್ನು ಕೈಬಿಗಿಗೆ ನಿಲ್ಲಿಸಿ ಕಾಲು ಸುತ್ತು ಹಿಂದಕ್ಕೆ ಬಿಡಿ. ಬೇಸಿಗೆಯಲ್ಲಿ ಸ್ಕ್ರೂವಿನ ಬಳಿ ಸೀಳಿದ ಫಲಕ ಹಿಡಿದುಕೊಂಡು ಬರುವವರ ಫಲಕಗಳಲ್ಲಿ ನಾನು ನೋಡುವ ತಪ್ಪು ಬಹುಪಾಲು ಇದೇ, ಪೂರ್ತಿ ಬಿಗಿದ ಸ್ಕ್ರೂ.

ಕೊನೆಯದಾಗಿ, ಕೆಲಸ ಒಪ್ಪಿಸಿದ ದಿನವೇ ಆ ಶೀಟಿನ ಒಂದು ಚೂರಿನ ಹಿಂದೆ ಶೀಟಿನ ಹೆಸರು, ತಂದ ತಿಂಗಳು, ವೇಗ, ಶಕ್ತಿ, ಗೆರೆಯ ಅಂತರ, ಅಕ್ಷರಶೈಲಿ ಮತ್ತು ಅದರ ಗಾತ್ರವನ್ನು ಮಾರ್ಕರಿನಿಂದ ಬರೆದು, ತೂತು ಮಾಡಿ, ಒಂದು ದಾರಕ್ಕೆ ಪೋಣಿಸಿ ಯಂತ್ರದ ಪಕ್ಕ ತೂಗುಹಾಕಿ. ಆರು ತಿಂಗಳ ನಂತರ ಅದೇ ಕಚೇರಿಗೆ ಹೊಸದಾಗಿ ಸೇರಿದವರೊಬ್ಬರ ಬ್ಯಾಡ್ಜು ಮಾಡಿಕೊಡಿ ಎಂದು ಬೇಡಿಕೆ ಬಂದಾಗ, ಅದು ಉಳಿದ ಬ್ಯಾಡ್ಜುಗಳ ಸಾಲಿನಲ್ಲಿ ಬೇರೆಯಾಗಿ ಕಾಣದಂತೆ ಮಾಡಲು ಆ ಚೂರೊಂದೇ ನೆರವಿಗೆ ಬರುತ್ತದೆ.